‘ಸಹಜ’ ಮತ್ತು ‘ಸಕ್ರಿಯ’: ಮಾಸು ಬೀಳುವ ಕ್ರಮವನ್ನು ಕುರಿತ ಆಧಾರಗಳ ವಿಮರ್ಶೆ

ಶಿಶುವು ಹುಟ್ಟಿದ ಗಳಿಗೆಯಿಂದ ಮಾಸು ಬೀಳುವ ಗಳಿಗೆಯವರೆಗಿನ ಅವಧಿಯನ್ನು ವೈದ್ಯಗ್ರಂಥಗಳು ಪ್ರಸವದ ಮೂರನೆಯ ಘಟ್ಟವೆಂದು ಕರೆಯುತ್ತವೆ. ಈ ಅವಧಿಯಲ್ಲಿ ಏನೊಂದನ್ನೂ ಮಾಡದೆ, ತಾಯಿಯ ದೇಹವು ತಾನಾಗಿಯೇ ಮಾಸನ್ನು ಹೊರಹಾಕುವವರೆಗೆ ಕಾಯತಕ್ಕದ್ದೆಂದು ಒಂದು ಪಕ್ಷ. ಗರ್ಭಕೋಶವನ್ನು ಸಂಕುಚಿಸುವ ಮದ್ದನ್ನು ಕೊಟ್ಟು, ಹೊಕ್ಕುಳಬಳ್ಳಿಯನ್ನು ಬೇಗನೆ ಕತ್ತರಿಸಿ, ಅದನ್ನೇ ಹಿಡಿದು ಮೆಲ್ಲನೆ ಎಳೆದು ಮಾಸನ್ನು ಹೊರತರತಕ್ಕದ್ದೆಂದು ಇನ್ನೊಂದು ಪಕ್ಷ. ಮೊದಲನೆಯದಕ್ಕೆ ‘ಸಹಜ’ ಕ್ರಮವೆಂದೂ ಎರಡನೆಯದಕ್ಕೆ ‘ಸಕ್ರಿಯ’ ಕ್ರಮವೆಂದೂ ಹೆಸರು ರೂಢಿಯಾಗಿದೆ.

ವೈದ್ಯರ ಈ ವಿವಾದದಲ್ಲಿ ಇತಿಹಾಸದ ಅಧ್ಯಾಪಕರಿಗೇನು ಕೆಲಸವೆಂದು ಕೇಳುವವರುಂಟು. ಕೆಲಸವಿದೆ. ಏಕೆಂದರೆ ಎರಡು ಪಕ್ಷದವರೂ ತಮ್ಮ ವಾದಕ್ಕೆ ಇತಿಹಾಸವನ್ನೇ ಸಾಕ್ಷಿಗೆ ಕರೆಯುತ್ತಾರೆ. ಯುಗಯುಗಾಂತರಗಳಿಂದ ಮಾಸು ತಾನಾಗಿಯೇ ಬೀಳುತ್ತಿದ್ದಿತು, ಆಸ್ಪತ್ರೆ ಬಂದು ಅದಕ್ಕೆ ಕೈ ಹಾಕಿತು ಎಂದು ಒಬ್ಬರು ಹೇಳುತ್ತಾರೆ. ಆಸ್ಪತ್ರೆ ಬರುವ ಮುನ್ನ ಇದ್ದುದು ಅಜ್ಞಾನ ಮತ್ತು ಮರಣ ಎಂದು ಇನ್ನೊಬ್ಬರು ಹೇಳುತ್ತಾರೆ. ಇವೆರಡೂ ಇತಿಹಾಸವನ್ನು ಕುರಿತ ಪ್ರತಿಜ್ಞೆಗಳೇ ಆಗಿರುವುದರಿಂದ, ಶಾಸನಕ್ಕೂ ಕೈಫಿಯತ್ತಿಗೂ ನಾವು ಯಾವ ಪರೀಕ್ಷೆಯನ್ನು ಒಡ್ಡುತ್ತೇವೆಯೋ ಅದೇ ಪರೀಕ್ಷೆಗೆ ಇವನ್ನೂ ಒಡ್ಡತಕ್ಕದ್ದು. ಹಾಗೆ ಒಡ್ಡಿದಾಗ ಎರಡೂ ನಿಲ್ಲುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲು ದೇಹದಲ್ಲಿ ನಡೆಯುವುದೇನೆಂಬುದನ್ನು ಸ್ವಲ್ಪದರಲ್ಲಿ ತಿಳಿಯಬೇಕು. ತುಂಬುಗರ್ಭದಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ರಕ್ತ ಹರಿದುಬರುತ್ತದೆ. ಶಿಶು ಹೊರಬಂದೊಡನೆ ಗರ್ಭಕೋಶ ಕುಗ್ಗುತ್ತದೆ. ಅದರ ಗೋಡೆಗೆ ಅಂಟಿಕೊಂಡಿದ್ದ ಮಾಸು ಕುಗ್ಗಲಾರದೆ ಸಡಿಲಗೊಂಡು ಕಳಚಿಕೊಳ್ಳುತ್ತದೆ. ಕಳಚಿಕೊಂಡ ಜಾಗದಲ್ಲಿ ಬಾಯ್ದೆರೆದ ರಕ್ತನಾಳಗಳ ಸುತ್ತ ಹೆಣೆದುಕೊಂಡಿರುವ ಸ್ನಾಯುವಿನ ಎಳೆಗಳು ಬಿಗಿದು ಆ ನಾಳಗಳನ್ನು ಹಿಂಡಿ ಮುಚ್ಚುತ್ತವೆ. ಸ್ನಾಯು ಬಿಗಿಯದೆ ಸೋತರೆ ಮುಚ್ಚಬೇಕಾದ ನಾಳ ತೆರೆದೇ ಇರುತ್ತದೆ. ಆರೋಗ್ಯವಂತಳಾದ ಬಾಣಂತಿಯೂ ಕೆಲವೇ ಗಂಟೆಗಳಲ್ಲಿ ರಕ್ತ ಸೋರಿ ಸಾಯಬಹುದು. ಮೊದಲೇ ರಕ್ತಹೀನತೆಯಿಂದ ಬಿಳಿಚಿಕೊಂಡವಳಿಗೆ ಆ ಕಾಲಾವಕಾಶವೂ ಇಲ್ಲ. ಐನೂರು ಮಿಲಿಲೀಟರಿಗೆ ಮೇಲ್ಪಟ್ಟ ನಷ್ಟವನ್ನು ಪ್ರಸವಾನಂತರದ ರಕ್ತಸ್ರಾವವೆಂದೂ, ಸಾವಿರಕ್ಕೆ ಮೇಲ್ಪಟ್ಟುದನ್ನು ತೀವ್ರವೆಂದೂ ಗಣಿಸುವುದು ಮುಂದೆ ಹೇಳುವ ಪ್ರಯೋಗಗಳೆಲ್ಲದರ ವಾಡಿಕೆ. ವಿವಾದದ ಹಿಂದಿರುವುದು ಪ್ರಾಣದ ಪ್ರಶ್ನೆ ಎಂಬುದನ್ನು ಪದಗಳ ಚರ್ಚೆಯಲ್ಲಿ ನಾವು ಮರೆಯಲಾಗದು.

ಈಗ ‘ಸಹಜ’ವೆಂಬ ಭೂತಕಾಲವನ್ನು ನೋಡೋಣ. ನಮ್ಮ ದೇಶದ ಅತಿ ಪ್ರಾಚೀನ ಸಾಕ್ಷ್ಯಗಳಲ್ಲೊಂದು ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿದೆ. ಹೆರಿಗೆಯಾದ ಕೂಡಲೆ ‘ಅಪರಾ’, ಎಂದರೆ ಮಾಸು, ಬಿದ್ದಿದೆಯೋ ಇಲ್ಲವೋ ನೋಡತಕ್ಕದ್ದೆಂದು ಅಲ್ಲಿ ವಿಧಿ. ಬಿದ್ದಿಲ್ಲವಾದರೆ ಬಳಿಯಿರುವ ಸ್ತ್ರೀಯರಲ್ಲೊಬ್ಬಳು ಬಲಗೈಯಿಂದ ಹೊಕ್ಕುಳಿನ ಮೇಲ್ಭಾಗವನ್ನು ಬಲವಾಗಿ ಒತ್ತಿ, ಎಡಗೈಯನ್ನು ಬೆನ್ನಿಗೆ ಕೊಟ್ಟು ಬಾಣಂತಿಯನ್ನು ಅಲುಗಿಸಬೇಕು. ಹಿಮ್ಮಡಿಯಿಂದ ಸೊಂಟವನ್ನು ತಟ್ಟಬೇಕು. ಜಡೆಯ ತುದಿಯಿಂದ ಗಂಟಲನ್ನೂ ಅಂಗುಳನ್ನೂ ಸವರಬೇಕು. ಭೂರ್ಜಪತ್ರ, ಹಾವಿನ ಪೊರೆ ಮುಂತಾದವುಗಳ ಹೊಗೆ ಕೊಡಬೇಕು. ಕೂದಲು ಸುತ್ತಿದ ಬೆರಳನ್ನು ಗಂಟಲಿಗೆ ತಾಗಿಸುವ ಕ್ರಮವನ್ನು ಸುಶ್ರುತಸಂಹಿತೆಯೂ ಹೇಳುತ್ತದೆ. ಹೊಗೆಯ ಮಾತು ಹೇಗೂ ಇರಲಿ. ಗಂಟಲು ಸವರಿದರೆ ಓಕರಿಕೆ ಬರುತ್ತದೆ, ಓಕರಿಕೆಯಿಂದ ಹೊಟ್ಟೆಯ ಒತ್ತಡ ಹೆಚ್ಚುತ್ತದೆ, ಕಳಚಿಕೊಂಡು ಒಳಗೇ ನಿಂತಿರುವ ಮಾಸು ಕೆಳಗಿಳಿಯುತ್ತದೆ ಎಂಬ ಅನುಭವ ಅದರ ಹಿಂದಿದ್ದಂತೆ ತೋರುತ್ತದೆ. ಇಲ್ಲಿ ಗಮನಾರ್ಹವಾದುದು ಉಪಾಯದ ಗುಣದೋಷವಲ್ಲ. ಈ ವಿಧಿಯಲ್ಲಿ ‘ಕಾಯುವುದು’ ಎಂಬುದಕ್ಕೆ ಎಡೆಯೇ ಇಲ್ಲ. ಒತ್ತುವುದು, ಅಲುಗಿಸುವುದು, ಓಕರಿಸುವಂತೆ ಮಾಡುವುದು ಇವೆಲ್ಲ ಹಸ್ತಕ್ಷೇಪಗಳೇ. ಪ್ರಾಚೀನವಾದುದೆಲ್ಲ ಸಹಜವೆಂದು ತಿಳಿಯುವವರು ಈ ಒಂದು ಅಧ್ಯಾಯವನ್ನು ಓದಿದರೆ ಸಾಕು.

ಸಹಜಕ್ರಮವು ಸೂಲಗಿತ್ತಿಯರದು, ಸಕ್ರಿಯಕ್ರಮವು ವೈದ್ಯರದು ಎಂಬ ಇನ್ನೊಂದು ಎಣಿಕೆಯಿದೆ. ಇದೂ ಆಧಾರಕ್ಕೆ ಹೊಂದುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಲೈಪ್‌ಜಿಗ್ ನಗರದ ಪ್ರಾಧ್ಯಾಪಕ ಕಾರ್ಲ್ ಕ್ರೆಡೇ ಎಂಬವನು, ಹೊಟ್ಟೆಯ ಮೇಲಿನಿಂದಲೇ ಗರ್ಭಕೋಶವನ್ನು ಮುಷ್ಟಿಯಲ್ಲಿ ಹಿಡಿದು, ಅದು ಬಿಗಿಯುವ ಸಮಯ ನೋಡಿ ಮಾಸನ್ನು ಹಿಂಡಿ ಹೊರತರುವ ವಿಧಾನವನ್ನು ಪ್ರಚುರಪಡಿಸಿದನು. (ನವಜಾತ ಶಿಶುವಿನ ಕಣ್ಣಿಗೆ ಬೆಳ್ಳಿಯ ಲವಣದ ಹನಿ ಹಾಕುವ ಪದ್ಧತಿಯನ್ನು ತಂದವನೂ ಇವನೇ.) ಅದನ್ನು ಉಗ್ರವಾಗಿ ವಿರೋಧಿಸಿ, ಗರ್ಭಕೋಶದ ತಂಟೆಗೆ ಹೋಗದೆ ಕೈಕಟ್ಟಿ ಕುಳಿತಿರಬೇಕೆಂದು ೧೮೮೦ರ ದಶಕದಲ್ಲಿ ಸಾರಿದವನು ಯಾವ ಹಳ್ಳಿಯ ಸೂಲಗಿತ್ತಿಯೂ ಅಲ್ಲ, ಮಾರ್‌ಬುರ್ಗ್ ನಗರದ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕ ಫ್ರೀಡ್ರಿಷ್ ಆಲ್‌ಫೆಲ್ಡ್. ಪುಸ್ತಕಗಳಲ್ಲಿ ಬರುವ ‘ಕಾಯುವ’ ಕ್ರಮಕ್ಕೆ ಸಿದ್ಧಾಂತದ ರೂಪ ಕೊಟ್ಟವರಲ್ಲಿ ವಿಶ್ವವಿದ್ಯಾಲಯದ ಪೀಠದಲ್ಲಿ ಕುಳಿತವರೂ ಇದ್ದರು.

ಮದ್ದಿನ ಕಥೆಯಾದರೋ ಇದಕ್ಕೆ ತಲೆಕೆಳಗಾಗಿದೆ. ಸಕ್ರಿಯಕ್ರಮದ ತಿರುಳೆನಿಸಿದ ಸಂಕೋಚಕ ಮದ್ದುಗಳಲ್ಲಿ ಮೊದಲನೆಯದು ಎರ್ಗಾಟ್. ರೈ ಎಂಬ ಧಾನ್ಯದ ತೆನೆಯ ಮೇಲೆ ಬೆಳೆಯುವ ಕಪ್ಪು ಬೂಷ್ಟು. ಜರ್ಮನಿಯ ಆಡಂ ಲೋನಿಟ್ಸರನ ೧೫೮೨ರ ಮೂಲಿಕಾಗ್ರಂಥದಲ್ಲಿ ಸ್ತ್ರೀಯರು ಗರ್ಭಕೋಶದ ನೋವಿಗಾಗಿ ಇದನ್ನು ಬಳಸುತ್ತಿದ್ದುದರ ಉಲ್ಲೇಖವಿದೆ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ವೈದ್ಯ ಜಾನ್ ಸ್ಟರ್ನ್ಸ್ ೧೮೦೮ರಲ್ಲಿ ಪ್ರಕಟವಾದ ತನ್ನ ಪತ್ರದಿಂದ ಇದನ್ನು ವೈದ್ಯಲೋಕಕ್ಕೆ ಪರಿಚಯಿಸಿದನು. ಅವನಿಗೂ ಇದು ತಿಳಿದುಬಂದುದು ವೈದ್ಯವಿದ್ಯೆ ಕಲಿಯದ ಹೆಂಗಸರ ಬಳಕೆಯಿಂದಲೇ. ವೈದ್ಯರು ಅದನ್ನು ಹೆರಿಗೆಯನ್ನು ಬೇಗ ಮುಗಿಸಲೆಂದು ಶಿಶು ಹುಟ್ಟುವ ಮೊದಲೇ ಕೊಡತೊಡಗಿದರು. ಬಿಗಿದ ಗರ್ಭಕೋಶದೊಳಗೆ ಶಿಶುಗಳು ಸತ್ತವು. ೧೮೨೦ರ ದಶಕದಲ್ಲಿ ನ್ಯೂಯಾರ್ಕಿನ ಡೇವಿಡ್ ಹೊಸಾಕ್ ಎಂಬ ವೈದ್ಯನು ಈ ಅನಾಹುತವನ್ನು ಎತ್ತಿ ತೋರಿಸಿ, ಶಿಶು ಹುಟ್ಟಿದ ಮೇಲೆ ರಕ್ತ ನಿಲ್ಲಿಸುವುದಕ್ಕೆ ಮಾತ್ರ ಎರ್ಗಾಟನ್ನು ಬಳಸತಕ್ಕದ್ದೆಂದು ಹೇಳಬೇಕಾಯಿತು. ಸ್ತ್ರೀಯರಿಂದ ಬಂದ ಮದ್ದನ್ನು ವೈದ್ಯರು ದುರುಪಯೋಗಪಡಿಸಿ, ವೈದ್ಯರೇ ತಿದ್ದಿಕೊಂಡರೆಂಬುದು ಇದರಿಂದ ವಿದಿತವಾಗುತ್ತದೆ. ಆಮೇಲಿನದು ಪ್ರಯೋಗಶಾಲೆಯ ಇತಿಹಾಸ: ೧೯೦೬ರಲ್ಲಿ ಹೆನ್ರಿ ಡೇಲ್ ಪಿಟ್ಯುಟರಿ ಗ್ರಂಥಿಯ ಸಾರಕ್ಕೆ ಗರ್ಭಕೋಶವನ್ನು ಸಂಕುಚಿಸುವ ಗುಣವಿದೆಯೆಂದು ಕಂಡುದು; ೧೯೩೫ರಲ್ಲಿ ಲಂಡನ್ನಿನಲ್ಲಿ ಡಡ್ಲಿ ಮತ್ತು ಚಾಸರ್ ಮಾಯಿರ್ ಎರ್ಗಾಟಿನಿಂದ ಎರ್ಗೊಮೆಟ್ರಿನನ್ನು ಬೇರ್ಪಡಿಸಿದುದು; ೧೯೫೩ರಲ್ಲಿ ವಿನ್ಸೆಂಟ್ ದು ವಿನ್ಯೋ ಆಕ್ಸಿಟೋಸಿನ್ನನ್ನು ಕೃತಕವಾಗಿ ರಚಿಸಿ ೧೯೫೫ರ ನೊಬೆಲ್ ಪಾರಿತೋಷಕವನ್ನು ಪಡೆದುದು. ತಾಯಿಯ ಮೆದುಳೇ ಹೆರಿಗೆಯಲ್ಲಿ ಒಸರಿಸುವ ವಸ್ತುವಿನ ಯಥಾಪ್ರತಿಯೇ ಈ ಆಕ್ಸಿಟೋಸಿನ್. ಅದನ್ನು ಸೂಜಿಯಿಂದ ಕೊಟ್ಟರೆ ಕೃತಕ, ಮಗುವಿಗೆ ಮೊಲೆಯೂಡಿಸಿ ಒಸರಿಸಿದರೆ ಸಹಜ ಎಂಬ ವಿಭಾಗವು ಎಷ್ಟು ತೆಳುವಾದುದೆಂದು ವಾಚಕರೇ ವಿಚಾರಿಸಬಹುದು.

ಇನ್ನು ಎರಡನೆಯ ಪ್ರತಿಜ್ಞೆ: ಆಸ್ಪತ್ರೆಯ ಹಿಂದಿನ ಕಾಲವೆಲ್ಲ ಅಜ್ಞಾನವೆಂಬುದು. ಭಾರತದ ಮಟ್ಟಿಗೆ ಈ ಮಾತಿನ ಮೂಲವನ್ನು ಹುಡುಕುತ್ತ ಹೋದರೆ ನಾವು ಮುಟ್ಟುವುದು ಬ್ರಿಟಿಷರ ಕಾಲದ ಕೆಲವೇ ಕಾಗದಗಳನ್ನು. ೧೮೮೫ರಲ್ಲಿ ಲೇಡಿ ಡಫರಿನ್ ನಿಧಿ ಸ್ಥಾಪಿತವಾಯಿತು. ದಾಯಿಯರಿಗೆ ಶಿಕ್ಷಣ ಕೊಡಲೆಂದು ೧೯೦೩ರಲ್ಲಿ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿ ಏರ್ಪಟ್ಟಿತು. ಈ ನಿಧಿಯು ಭಾರತದಲ್ಲಿನ ಹೆರಿಗೆಯ ಸ್ಥಿತಿಗತಿಗಳ ಸುಧಾರಣೆಯನ್ನು ಕುರಿತು ೧೯೧೮ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅನೇಕ ವೈದ್ಯಸ್ತ್ರೀಯರು ತಾವು ಕಂಡ ಘೋರದೃಶ್ಯಗಳನ್ನು ಬರೆದಿದ್ದಾರೆ. ೧೯೨೭ರಲ್ಲಿ ಕ್ಯಾಥರೀನ್ ಮೇಯೊ ಪ್ರಕಟಿಸಿದ ‘ಮದರ್ ಇಂಡಿಯಾ’ ಪುಸ್ತಕದ ದಾಯಿಯ ಪ್ರಕರಣವು ಆ ವರದಿಯನ್ನು ಬಹಳಮಟ್ಟಿಗೆ ಅವಲಂಬಿಸಿದೆ. ವರದಿ ಬರೆದವರು ಸುಳ್ಳು ಬರೆದರೆಂದು ನಾವು ಹೇಳುವುದಿಲ್ಲ. ಕೊಳೆತ ಮಾಸನ್ನೂ ಹರಿದ ಬಳ್ಳಿಯನ್ನೂ ಅವರು ಕಣ್ಣಾರೆ ಕಂಡುದು ನಿಜ. ಆದರೆ ಅವರನ್ನು ಯಾವ ಮನೆಗೆ ಯಾವಾಗ ಕರೆಯುತ್ತಿದ್ದರು? ಹೆರಿಗೆ ಕೆಟ್ಟಾಗ ಮಾತ್ರ. ಮಾಸು ತಾನಾಗಿ ಬಿದ್ದು, ಬಾಣಂತಿ ಎದ್ದು ಕುಳಿತ ಮನೆಯಿಂದ ಆಸ್ಪತ್ರೆಗೆ ಯಾರೂ ಆಳನ್ನು ಕಳುಹಿಸುತ್ತಿರಲಿಲ್ಲ. ಪೊಲೀಸ್ ಠಾಣೆಯ ದಫ್ತರವನ್ನು ನೋಡಿ ಊರಿನ ನಡತೆಯನ್ನು ನಿರ್ಣಯಿಸಿದಂತೆ, ಆಸ್ಪತ್ರೆಯ ದಫ್ತರವನ್ನು ನೋಡಿ ಸೂಲಗಿತ್ತಿಯ ವಿದ್ಯೆಯನ್ನು ನಿರ್ಣಯಿಸುವುದು ದೋಷಯುಕ್ತವಾದ ಕ್ರಮ.

ಈಚಿನ ಶೋಧಕರಲ್ಲಿ ಜ್ಯಾನೆಟ್ ಚಾವ್ಲಾ ಮೊದಲಾದವರು ಉತ್ತರ ಭಾರತದ ದಾಯಿಯರಿಂದಲೇ ಕೇಳಿ ಸಂಗ್ರಹಿಸಿದ ವಿವರಗಳಲ್ಲಿ ಒಂದು ಅಂಶ ಮತ್ತೆ ಮತ್ತೆ ಬರುತ್ತದೆ: ಮಾಸು ಬೀಳುವವರೆಗೆ ಬಳ್ಳಿಯನ್ನು ಕತ್ತರಿಸುವುದಿಲ್ಲ, ಮಗು ಉಸಿರಾಡದೆ ಸಪ್ಪಗಿದ್ದರೆ ಬಳ್ಳಿ ಇರುವಂತೆಯೇ ಮಾಸನ್ನು ಬಿಸಿಮಾಡಿ ಮಗುವಿಗೆ ಜೀವ ಬರಿಸಲು ಯತ್ನಿಸುತ್ತಾರೆ. ಇದನ್ನು ಓದಿ ನಮ್ಮಲ್ಲಿ ಕೆಲವರು ಪೂರ್ವಿಕರ ವಿಜ್ಞಾನವೆಂದು ಹಿಗ್ಗುತ್ತಾರೆ. ಹಿಗ್ಗಬೇಕಾಗಿಲ್ಲ, ಮಾಸನ್ನು ಬಿಸಿಮಾಡುವುದರಿಂದ ಗುಣವಾಗುವುದೆಂದು ಯಾವ ಪರೀಕ್ಷೆಯೂ ತೋರಿಸಿಲ್ಲ. ಬಳ್ಳಿಯನ್ನು ತಡವಾಗಿ ಕತ್ತರಿಸುವ ಮಾತು ಬೇರೆ; ಅದಕ್ಕೆ ಮುಂದೆ ಬರುತ್ತೇವೆ. ನಮ್ಮ ನಾಡಿನಲ್ಲಿ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ಪತ್ರಿಕೆಗಳು ಅವರು ಮಾಡಿಸಿದ ಹೆರಿಗೆಗಳ ಸಂಖ್ಯೆಯನ್ನು, ಹದಿನೈದು ಸಾವಿರವೆಂದು, ಎಲ್ಲೆಡೆ ಅಚ್ಚು ಹಾಕಿದವು. ಸಂಖ್ಯೆ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ; ಆದರೆ ಮಾಸು ಬೀಳುವ ಹೊತ್ತಿನಲ್ಲಿ ಆ ಕೈಗಳು ಏನು ಮಾಡುತ್ತಿದ್ದವೆಂಬುದನ್ನು ಕೇಳಿ ಬರೆದುಕೊಳ್ಳುವುದು ಪ್ರಶಸ್ತಿಗಿಂತ ಹೆಚ್ಚಿನ ಗೌರವವಾಗುತ್ತಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಈಗ ನಮ್ಮ ಕಾಲದ ದಾಖಲೆಗಳಿಗೆ ಬರೋಣ. ಇಂದಿನ ವೈದ್ಯರು ನಂಬುವುದು ಪ್ರಯೋಗಗಳನ್ನು: ಗರ್ಭಿಣಿಯರನ್ನು ಚೀಟಿ ಎತ್ತಿದಂತೆ ಎರಡು ಪಂಗಡವಾಗಿ ಹಂಚಿ, ಒಂದಕ್ಕೆ ಒಂದು ಕ್ರಮವನ್ನೂ ಇನ್ನೊಂದಕ್ಕೆ ಇನ್ನೊಂದನ್ನೂ ಅನುಸರಿಸಿ ಫಲವನ್ನು ಎಣಿಸುವುದು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ೧೬೯೫ ಸ್ತ್ರೀಯರ ಮೇಲೆ ನಡೆದು ೧೯೮೮ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಕ್ರಿಯ ಪಂಗಡದ ಶೇಕಡ ೫.೯ ಮಂದಿಗೆ ರಕ್ತಸ್ರಾವವಾಯಿತು. ಸಹಜ ಪಂಗಡದ ಶೇಕಡ ೧೭.೯ ಮಂದಿಗೆ. ಮೂರುಪಟ್ಟು ವ್ಯತ್ಯಾಸ. ವಾದ ಇಲ್ಲಿಗೆ ಮುಗಿಯಿತೆಂದು ಬಹುಮಂದಿ ತಿಳಿದರು. ಆದರೆ ದಾಖಲೆಯನ್ನು ಒಳಹೊಕ್ಕು ಓದಿದರೆ, ಸಹಜ ಪಂಗಡಕ್ಕೆ ಸೇರಿದವರಲ್ಲಿ ಅರ್ಧಕ್ಕಿಂತ ಕಡಮೆ ಮಂದಿಗೆ ಮಾತ್ರ ಸಹಜಕ್ರಮವು ಪೂರ್ತಿಯಾಗಿ ನಡೆಯಿತೆಂದೂ, ಸಕ್ರಿಯ ಪಂಗಡದಲ್ಲಿ ಬಹುತೇಕ ಎಲ್ಲರಿಗೂ ಅವರ ಕ್ರಮ ನಡೆಯಿತೆಂದೂ ತಿಳಿಯುತ್ತದೆ. ಕಾರಣ ಸರಳ: ಆ ಆಸ್ಪತ್ರೆಯ ದಾದಿಯರಿಗೆ ದಿನನಿತ್ಯ ಕೈಪಳಗಿದ್ದುದು ಸಕ್ರಿಯಕ್ರಮ. ಇನ್ನೊಂದು ಅವರಿಗೆ ಹೊಸ ಪಾಠ. ಈಜು ಬಲ್ಲವನನ್ನೂ ನಿನ್ನೆ ನೀರಿಗಿಳಿದವನನ್ನೂ ಪಂದ್ಯಕ್ಕೆ ಬಿಟ್ಟು ಹೊಳೆಯ ಎರಡು ದಡಗಳ ಗುಣವನ್ನು ತೀರ್ಮಾನಿಸಿದಂತಾಯಿತು.

ಈ ಆಕ್ಷೇಪವನ್ನು ಪರಿಹರಿಸಲೆಂದೇ ಎರಡೂ ಕ್ರಮಗಳು ಬಳಕೆಯಲ್ಲಿದ್ದ ಹಿಂಚಿಂಗ್‌ಬ್ರೂಕ್ ಆಸ್ಪತ್ರೆಯಲ್ಲಿ ೧೫೧೨ ಸ್ತ್ರೀಯರ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ೧೯೯೮ರಲ್ಲಿ ಪ್ರಕಟವಾದ ಅದರ ಫಲ: ಸಕ್ರಿಯದಲ್ಲಿ ಶೇಕಡ ೬.೮, ಸಹಜದಲ್ಲಿ ಶೇಕಡ ೧೬.೫. ಕೈಪಳಗಿದವರಲ್ಲಿಯೂ ಅಂತರ ಉಳಿಯಿತು. ಸಹಜಪಕ್ಷದವರು ಈ ಸಂಖ್ಯೆಯ ಎದುರು ಹೆಚ್ಚು ಹೊತ್ತು ನಿಲ್ಲದೆ ಮುಂದೆ ಸಾಗುವುದನ್ನು ನಾವು ಕಂಡಿದ್ದೇವೆ, ಅದು ಸರಿಯಲ್ಲ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಸೂಲಗಿತ್ತಿಯರ ದಾಖಲೆಗಳಿಂದ ೨೦೧೦ರ ಆಚೆಗೆ ಬಂದ ವರದಿಗಳಲ್ಲಿ ಸಹಜಕ್ರಮದವರಿಗೇ ರಕ್ತನಷ್ಟ ಕಡಮೆಯಾದುದು ಕಂಡುಬಂದಿದೆಯೆಂದು ಅವರು ತೋರಿಸುತ್ತಾರೆ. ಆದರೆ ಅಲ್ಲಿ ಚೀಟಿ ಎತ್ತಿ ಹಂಚಿದುದಿಲ್ಲ. ಗಟ್ಟಿಮುಟ್ಟಾದವರು, ತೊಂದರೆಯ ಸುಳಿವಿಲ್ಲದವರು ಸಹಜವನ್ನು ಆರಿಸಿಕೊಳ್ಳುವುದು ಸ್ವಾಭಾವಿಕ. ೧೯೧೮ರ ವರದಿಯ ದೋಷವೇ ಇಲ್ಲಿ ಮಗ್ಗುಲು ಬದಲಾಯಿಸಿ ಬಂದಿದೆ: ಅಲ್ಲಿ ಕೆಟ್ಟ ಹೆರಿಗೆಗಳು ಮಾತ್ರ ಕಣ್ಣಿಗೆ ಬಿದ್ದವು, ಇಲ್ಲಿ ಒಳ್ಳೆಯವು ಒಂದೆಡೆ ಕೂಡಿದವು. ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ಪರಿಶೀಲಿಸಿದ ೨೦೧೯ರ ಕಾಕ್ರೇನ್ ಸಮೀಕ್ಷೆಯು, ಅಪಾಯದ ಲಕ್ಷಣಗಳಿಲ್ಲದ ಸ್ತ್ರೀಯರಲ್ಲಿ ತೀವ್ರ ರಕ್ತಸ್ರಾವದ ಮಟ್ಟಿಗೆ ವ್ಯತ್ಯಾಸವು ಅನಿಶ್ಚಿತವೆಂದು ಹೇಳಿರುವುದನ್ನು ಎರಡು ಪಕ್ಷದವರೂ ತಮಗೆ ಬೇಕಾದಂತೆ ಅರ್ಥಮಾಡುತ್ತಾರೆ.

ಇಷ್ಟರಲ್ಲಿ ‘ಸಕ್ರಿಯ’ವೆಂಬುದೇ ಕರಗುತ್ತ ಬಂದಿತು. ಆ ಕ್ರಮವು ಮದ್ದು, ಬೇಗ ಕತ್ತರಿಸುವುದು, ಎಳೆಯುವುದು ಎಂಬ ಮೂರರ ಕಟ್ಟು. ಬೇಗ ಕತ್ತರಿಸಿದರೆ ಮಾಸಿನಿಂದ ಮಗುವಿಗೆ ಹರಿಯಬೇಕಾದ ರಕ್ತ ತಪ್ಪುತ್ತದೆಂದು ತಿಳಿದ ಮೇಲೆ, ೨೦೧೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಒಂದರಿಂದ ಮೂರು ನಿಮಿಷ ಕಾಯತಕ್ಕದ್ದೆಂದು ವಿಧಿಸಿತು. ದಾಯಿಯರು ಕಾಯುತ್ತಿದ್ದುದು ಇದಕ್ಕಿಂತ ಹೆಚ್ಚು; ಆದರೂ ದಿಕ್ಕು ಅದೇ. ಎಳೆಯುವುದರ ಪರೀಕ್ಷೆಯು ಭಾರತವೂ ಸೇರಿ ಎಂಟು ದೇಶಗಳ ಇಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು ಸ್ತ್ರೀಯರಲ್ಲಿ ನಡೆದು ಅದೇ ವರ್ಷ ಪ್ರಕಟವಾಯಿತು. ಎಲ್ಲರಿಗೂ ಮದ್ದು ಕೊಟ್ಟಿದ್ದಿತು. ಎಳೆದವರಲ್ಲಿ ಶೇಕಡ ೧.೯, ಎಳೆಯದವರಲ್ಲಿ ಶೇಕಡ ೨.೧ ಮಂದಿಗೆ ತೀವ್ರ ರಕ್ತಸ್ರಾವ. ಎಳೆತದಿಂದ ಆಗುವ ಲಾಭ ಅತ್ಯಲ್ಪವೆಂದಾಯಿತು. ಕಟ್ಟಿನಲ್ಲಿ ಕೊನೆಗೆ ನಿಂತುದು ಮದ್ದೊಂದೇ.

ಹೀಗಾದರೆ ಮಾಸನ್ನು ಅದರ ಪಾಡಿಗೆ ಬಿಟ್ಟು, ಮದ್ದನ್ನು ಮಾತ್ರ ಕೊಡುವ ಕ್ರಮಕ್ಕೆ ಏನೆಂದು ಹೆಸರಿಡುವುದು? ಈ ಪ್ರಶ್ನೆಗೆ ಉತ್ತರವಾಗಬಲ್ಲ ಪ್ರಯೋಗವು ನಮ್ಮ ನಾಡಿನಲ್ಲಿಯೇ ನಡೆದಿದೆ. ಕನ್ನಡದಲ್ಲಿ ಅದರ ವಿಚಾರ ಸಾಕಷ್ಟು ಬಾರದಿರುವುದು ಶೋಚನೀಯ. ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ, ಅಲ್ಲಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಡನೆ ೨೦೦೨ರಿಂದ ೨೦೦೫ರವರೆಗೆ ನಡೆಸಿದ ಈ ಪ್ರಯೋಗವು ೨೦೦೬ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ೧೬೨೦ ಸ್ತ್ರೀಯರು ಮನೆಗಳಲ್ಲಿಯೋ ಉಪಕೇಂದ್ರಗಳಲ್ಲಿಯೋ ಹೆತ್ತರು. ಹೆರಿಗೆ ಮಾಡಿಸಿದವರು ಎ.ಎನ್.ಎಂ. ಎಂದು ಹಳ್ಳಿಗಳಲ್ಲಿ ಕರೆಯಲ್ಪಡುವ ಸರಕಾರಿ ದಾದಿಯರು. ಮಾಸು ಬೀಳುವ ಮಟ್ಟಿಗೆ ಅಲ್ಲಿಯ ರೂಢಿ ಕಾಯುವುದೇ. ಎರಡು ಪಂಗಡಗಳಲ್ಲಿಯೂ ಹಾಗೆಯೇ ಕಾದರು. ವ್ಯತ್ಯಾಸವೆಂದರೆ ಮಗು ಹುಟ್ಟಿದ ಮೇಲೆ ಒಂದು ಪಂಗಡಕ್ಕೆ ಮಿಸೊಪ್ರೊಸ್ಟಾಲ್ ಗುಳಿಗೆ, ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ಮದ್ದಿಲ್ಲದ ಗುಳಿಗೆ. ಯಾವುದು ಯಾವುದೆಂದು ಕೊಟ್ಟವರಿಗೂ ತಿಳಿಯದು, ನುಂಗಿದವರಿಗೂ ತಿಳಿಯದು. ಮದ್ದಿಲ್ಲದವರಲ್ಲಿ ಶೇಕಡ ೧೨ ಮಂದಿಗೆ ರಕ್ತಸ್ರಾವ, ಮದ್ದು ಪಡೆದವರಲ್ಲಿ ಶೇಕಡ ೬.೪ ಮಂದಿಗೆ, ತೀವ್ರವಾದುದು ಶೇಕಡ ೧.೨ರಿಂದ ೦.೨ಕ್ಕೆ ಇಳಿಯಿತು. ಮದ್ದಿನಿಂದ ಚಳಿನಡುಕವೂ ಜ್ವರವೂ ಹೆಚ್ಚಿ, ಬೇಗ ಇಳಿದವು.

ಇದನ್ನು ಸಹಜವೆನ್ನಬೇಕೋ ಸಕ್ರಿಯವೆನ್ನಬೇಕೋ? ಎರಡು ಪಕ್ಷದವರ ಪಟ್ಟಿಯಲ್ಲಿಯೂ ಇದಕ್ಕೆ ಮನೆಯಿಲ್ಲ. ಮಾಸು ತಾನಾಗಿ ಬಿದ್ದಿತು. ಪ್ರಾಣಾಪಾಯ ಮಾತ್ರ ಮದ್ದಿನಿಂದ ಕಡಮೆಯಾಯಿತು. ಆಕ್ಸಿಟೋಸಿನ್ ಹೆಚ್ಚು ನಂಬತಕ್ಕ ಮದ್ದೆಂಬುದು ನಿಜ. ಆದರೆ ಅದಕ್ಕೆ ಸೂಜಿ ಬೇಕು, ಎರಡರಿಂದ ಎಂಟು ಡಿಗ್ರಿಯ ತಂಪು ಬೇಕು. ಹಸುಗಳ ಹಾಲಿಗಾಗಿ ಅದರ ದುರುಪಯೋಗವಾಗುತ್ತಿದೆಯೆಂದು ೨೦೧೮ರಲ್ಲಿ ಕೇಂದ್ರ ಸರಕಾರವು ಖಾಸಗಿ ತಯಾರಕರನ್ನು ನಿಷೇಧಿಸಿ, ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಸಂಸ್ಥೆಯೊಂದಕ್ಕೇ ಅದರ ತಯಾರಿಕೆಯನ್ನು ವಹಿಸಲು ಹೊರಟಾಗ, ದೇಶದ ಬಾಣಂತಿಯರ ಪ್ರಾಣವು ಒಂದೇ ಕಾರ್ಖಾನೆಯ ಬಾಗಿಲಿಗೆ ಬಂದು ನಿಲ್ಲುವಂತಾಗಿದ್ದಿತು. ಆ ವರ್ಷದ ಕೊನೆಗೆ ದೆಹಲಿಯ ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿತು. ದಾದಿಯ ಚೀಲದಲ್ಲಿ ಬಿಸಿಲಿಗೆ ಕೆಡದೆ ಹೋಗಬಲ್ಲ ಗುಳಿಗೆಯ ಬೆಲೆ ಇಂಥ ಹೊತ್ತಿನಲ್ಲಿ ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೧ರಲ್ಲಿ ಅದನ್ನು ಈ ಉಪಯೋಗಕ್ಕಾಗಿ ಅತ್ಯವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು.

ಬೆಳಗಾವಿಯ ದಾಖಲೆಯನ್ನು ನಾವು ಬ್ರಿಸ್ಟಲ್ಲಿನದಕ್ಕಿಂತ ಮೇಲೆ ಇಡುವುದಕ್ಕೆ ಇನ್ನೊಂದು ಕಾರಣವೂ ಉಂಟು. ಇಂಗ್ಲೆಂಡಿನ ಎರಡು ಪ್ರಯೋಗಗಳಲ್ಲಿಯೂ ಹೋದ ರಕ್ತವನ್ನು ಬಹುಮಟ್ಟಿಗೆ ಕಣ್ಣಳತೆಯಿಂದ ಅಂದಾಜು ಮಾಡಿದರು. ಅಂದಾಜು ಮಾಡಿದವರಿಗೆ ಯಾರು ಯಾವ ಪಂಗಡವೆಂಬುದು ಗೊತ್ತಿದ್ದಿತು. ಬೆಳಗಾವಿಯಲ್ಲಿ ತಾಯಿಯ ಕೆಳಗೆ ಪ್ಲಾಸ್ಟಿಕ್ಕಿನ ಹಾಸೊಂದನ್ನು ಹಾಸಿ, ಅದರ ತುದಿಯ ಅಳತೆಗೆರೆಗಳುಳ್ಳ ಚೀಲದಲ್ಲಿ ರಕ್ತವನ್ನು ಹಿಡಿದು ಅಳೆದರು. ಆ ಹಾಸನ್ನು ಈ ಕೆಲಸಕ್ಕೆಂದೇ ಅವರು ರೂಪಿಸಿದ್ದರು. ಕಣ್ಣಳತೆಯನ್ನೂ ಹಾಸಿನ ಅಳತೆಯನ್ನೂ ಅಲ್ಲಿಯೇ ಹೋಲಿಸಿದಾಗ ಕಣ್ಣು ಸುಮಾರು ಮೂರನೆಯ ಒಂದು ಪಾಲು ಕಡಮೆ ಹೇಳುತ್ತದೆಂದು ಸಿದ್ಧವಾಯಿತು. ಹಳೆಯ ಸಂಖ್ಯೆಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದಕ್ಕೆ ಇದೊಂದು ಒರೆಗಲ್ಲು. ೨೦೨೩ರಲ್ಲಿ ಕೆನ್ಯಾ, ನೈಜೀರಿಯ, ದಕ್ಷಿಣ ಆಫ್ರಿಕ, ತಾಂಜಾನಿಯಗಳ ಎಂಬತ್ತು ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸ್ತ್ರೀಯರನ್ನು ಒಳಗೊಂಡ ಪರೀಕ್ಷೆಯ ಫಲ ಪ್ರಕಟವಾಯಿತು. ಇಂಥದೇ ಅಳತೆಯ ಹಾಸನ್ನು ಬಳಸಿ, ರಕ್ತ ಮಿತಿ ಮೀರುವ ಸೂಚನೆ ಕಂಡೊಡನೆ ಎಲ್ಲ ಉಪಚಾರಗಳನ್ನೂ ಒಟ್ಟಿಗೆ ಆರಂಭಿಸಿದ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾದ ಶಸ್ತ್ರಚಿಕಿತ್ಸೆ, ರಕ್ತ ಸೋರಿ ಆದ ಮರಣ ಇವು ಮೂರೂ ಸೇರಿ ಶೇಕಡ ೧.೬, ಹಳೆಯ ಕ್ರಮವೇ ನಡೆದ ಆಸ್ಪತ್ರೆಗಳಲ್ಲಿ ಶೇಕಡ ೪.೩.